ಕಾಯಿನೀರು ಕುಡಿದ ಮದರ್‌ಬೋರ್ಡ್

ಲ್ಯಾಪ್‌ಟಾಪ್ ಮೇಲೆ ನೀರು ಬಿದ್ದರೆ ಏನು ಮಾಡಬೇಕು ಎಂದು ನನ್ನ ಅಂಗಡಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಹಾಕಿದ್ದೇನೆ. ಕೂಡಲೇ ಆಫ್ ಮಾಡಿ. ಚಾರ್ಜರ್ ಕೀಳಿ. ಅಕ್ಕಿ ಡಬ್ಬದಲ್ಲಿ ಹೂಳಬೇಡಿ. ಒಳಗಿನ ಬ್ಯಾಟರಿ ಬಿಚ್ಚಿಸುವವರೆಗೆ ಊಟ, ತಿಂಡಿ ಎಂದು ಕೂರಬೇಡಿ. ಇದನ್ನೆಲ್ಲ ಗಾಳಿಗೆ ತೂರಿ ಎರಡು ದಿನ ಬಿಟ್ಟು ಬರುವ ಗಿರಾಕಿಗಳಿಗೆ ನಾನು ಬೈದ ಬೈಗುಳ ಒಂದೆರಡಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ; ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅದು ಎಲ್ಲರಿಗೂ ಗೊತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ. ಆ ಹಲ್ಲಿ ನಾನು.

ನನ್ನದು ಕಾಂಪ್ಲೆಕ್ಸಿನ ಹಿಂದಿನ ಅಡ್ಡರಸ್ತೆಯಲ್ಲಿ, ಮೊದಲ ಮಹಡಿಯ ಒಂದು ಪುಟ್ಟ ರಿಪೇರಿ ಅಂಗಡಿ. ಒಂದು ಉದ್ದನೆಯ ಟೇಬಲ್ಲು, ಮೈಕ್ರೋಸ್ಕೋಪು, ಬಿಸಿಗಾಳಿ ಬಿಡುವ ಗನ್ನು, ಸಾಲಾಗಿ ಏಳು ಸ್ಕ್ರೂಡ್ರೈವರು. ಆಯುಧಪೂಜೆಗೆ ಎರಡು ದಿನ ಇದೆ ಎನ್ನುವಾಗ ಬನಶಂಕರಿಯಿಂದ ಒಬ್ಬ ಟೀಚರ್ ಬಂದರು. ಐವತ್ತರ ಆಸುಪಾಸಿನವರು. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಕನ್ನಡ ಬಾರದವರಿಗೆ ಆನ್‌ಲೈನ್‌ನಲ್ಲಿ ಮಾತಾಡುವ ಕನ್ನಡ ಕಲಿಸುತ್ತಾರೆ. ಅವರ ಲ್ಯಾಪ್‌ಟಾಪಿನಲ್ಲಿ ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ಸ್ಕ್ರೀನ್ ರೀಡರ್ ಇದೆ. ಮೌಸ್ ಮುಟ್ಟುವುದೇ ಇಲ್ಲ, ಎಲ್ಲವೂ ಕೀಬೋರ್ಡಿನಲ್ಲೇ.

"ಫ್ಯಾನ್ ಗಲಾಟೇಲಿ ಅದು ಹೇಳೋದೇ ನಂಗೆ ಕೇಳಿಸ್ತಿಲ್ಲಮ್ಮ. ಸೋಮವಾರ ಹತ್ತು ಗಂಟೆಗೆ ಒಂದು ಕಂಪನಿಯ ಮೂವತ್ತು ಜನಕ್ಕೆ ಡೆಮೊ ಕ್ಲಾಸಿದೆ. ಇಷ್ಟು ವರ್ಷ ಒಬ್ಬೊಬ್ರಿಗೇ ಹೇಳಿಕೊಡ್ತಿದ್ದೆ. ಇದು ಒಪ್ಪಿಗೆ ಆದ್ರೆ ವರ್ಷ ಪೂರ್ತಿ ಕೆಲಸ. ಕೆಡಿಸ್ಬಿಟ್ಟೀರಾ ಮತ್ತೆ," ಎಂದರು.

"ಫ್ಯಾನ್ ಕ್ಲೀನಿಂಗ್ ತಾನೇ ಟೀಚರ್, ಕಣ್ಮುಚ್ಕೊಂಡು ಮಾಡ್ತೀನಿ," ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರು ನಕ್ಕರು. "ನಾನೂ ಹಾಗೇ ಮಾಡೋದು." ಆಮೇಲೆ ಟೇಬಲ್ಲಿನ ಅಂಚು ಹಿಡಿದು ಸ್ಕ್ರೂಡ್ರೈವರುಗಳ ಮೇಲೆ ಬೆರಳಾಡಿಸಿದರು. "ಏಳು. ಚಿಕ್ಕದರಿಂದ ದೊಡ್ಡದಕ್ಕೆ. ಶಿಸ್ತಿದೆ, ಕೊಡ್ತೀನಿ ತಗೊಳ್ಳಿ."

ಬುಧವಾರ ಫ್ಯಾನ್ ತೊಳೆದೆ, ಒಣಗಿದ ಥರ್ಮಲ್ ಪೇಸ್ಟ್ ಕೆರೆದು ಹೊಸದು ಹಚ್ಚಿದೆ. ಯಂತ್ರ ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಿತು. ಶನಿವಾರ ಬಂದು ಒಯ್ಯುವಂತೆ ಹೇಳಿ ಪಕ್ಕಕ್ಕಿಟ್ಟೆ.

ಗುರುವಾರ ಆಯುಧಪೂಜೆ. ಪ್ರತಿ ವರ್ಷ ನಮ್ಮತ್ತೆ ಬಂದು ಅಂಗಡಿಯ ಪೂಜೆ ಮಾಡಿಸುತ್ತಾರೆ. ಟೇಬಲ್ಲಿಗೆ ಹೊಸ ಬಟ್ಟೆ ಹಾಸಿ ಉಪಕರಣಗಳನ್ನೆಲ್ಲ ಜೋಡಿಸಿ ಅರಿಶಿನ, ಕುಂಕುಮ, ಚೆಂಡುಹೂವು. ರಿಪೇರಿ ಆಗಿ ಸಿದ್ಧವಾಗಿರುವ ಲ್ಯಾಪ್‌ಟಾಪುಗಳಿಗೂ ಒಂದೊಂದು ಬೊಟ್ಟು ಇಡುವುದು ನಮ್ಮ ಅಂಗಡಿಯ ಪದ್ಧತಿ. ಟೀಚರದ್ದನ್ನೂ ತಂದಿಟ್ಟೆ. ನಾನೇ ತಂದಿಟ್ಟೆ, ಯಾರೂ ಹೇಳಿರಲಿಲ್ಲ. ಅಕ್ಷತೆಯನ್ನೂ ಮದುವೆಮನೆಯಲ್ಲಿ ಎರಚುವ ಹಾಗೆ ಉದಾರವಾಗಿ ಎರಚಿದೆ.

ಅತ್ತೆ ಕಾಯಿ ಒಡೆದು ನೀರನ್ನು ಲೋಟಕ್ಕೆ ಬಸಿದು ಟೇಬಲ್ ಮೇಲಿಟ್ಟರು. ಮಂಗಳಾರತಿ ಆಯಿತು. ಅತ್ತೆ ಕಣ್ಮುಚ್ಚಿ ಸ್ತೋತ್ರ ಹೇಳುತ್ತಿದ್ದರು. ಮಲ್ಟಿಮೀಟರಿಗೆ ಕುಂಕುಮ ಇಟ್ಟಿಲ್ಲ ಎಂದು ನಾನು ಕೈ ಚಾಚಿದೆ. ಮೊಣಕೈಗೆ ಲೋಟ ತಾಗಿತು. ಕಾಯಿನೀರು ನೆಟ್ಟಗೆ ಟೀಚರ್ ಲ್ಯಾಪ್‌ಟಾಪಿನ ಹಿಂಭಾಗದ ಗಾಳಿಕಿಂಡಿಯೊಳಗೆ ಹರಿದುಹೋಯಿತು.

ಮಾಡಬೇಕಾದ್ದು ಗೋಡೆಯ ಮೇಲೇ ಇದೆ. ಹತ್ತು ಸ್ಕ್ರೂ ಬಿಚ್ಚಿ ಬ್ಯಾಟರಿಯ ಕನೆಕ್ಟರ್ ಕಿತ್ತರೆ ಎರಡು ನಿಮಿಷದ ಕೆಲಸ. ಆದರೆ ಸ್ಕ್ರೂಡ್ರೈವರುಗಳು ಹೂವು ಹೊತ್ತು ಪೂಜೆಯಲ್ಲಿ ಕೂತಿದ್ದವು. ಪೂಜೆಗಿಟ್ಟ ಆಯುಧವನ್ನು ಮರುದಿನ ಬೆಳಿಗ್ಗೆ ಮತ್ತೆ ದೀಪ ಹಚ್ಚಿ ಕೈಮುಗಿಯುವವರೆಗೆ ಯಾರೂ ಮುಟ್ಟಬಾರದು. ಅತ್ತೆಯ ಕಣ್ಣಿನ್ನೂ ಮುಚ್ಚಿತ್ತು. ನಾನು ಸದ್ದಿಲ್ಲದೆ ಬಟ್ಟೆಯಲ್ಲಿ ಒರೆಸಿ, ಯಂತ್ರವನ್ನು ಬೋರಲು ಹಾಕಿ, 'ಆಫ್ ಆಗೇ ಇತ್ತಲ್ಲ, ಏನೂ ಆಗಲ್ಲ' ಎಂದು ನನಗೆ ನಾನೇ ಹೇಳಿಕೊಂಡು ಮನೆಗೆ ಹೋಗಿ ಹೋಳಿಗೆ ತಿಂದೆ. ಇದೇ ಮಾತನ್ನು ಗಿರಾಕಿ ಹೇಳಿದ್ದರೆ ಮೆಟ್ಟಿಲು ಇಳಿಯುವವರೆಗೂ ಬೈಯುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ದೀಪ ಹಚ್ಚಿದ್ದೇ ತಡ, ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ. ಹಿಂದಿನ ಮುಚ್ಚಳ ತೆಗೆದಾಗ ಹುಳಿ ವಾಸನೆ. ಕಾಯಿನೀರಿನಲ್ಲಿ ಉಪ್ಪಿನಂಶವಿದೆ, ಸಕ್ಕರೆಯಿದೆ. ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಬ್ಯಾಟರಿಯಿಂದ ಬೋರ್ಡಿಗೆ ಸದಾ ಕರೆಂಟು ಇದ್ದೇ ಇರುತ್ತದೆ. ಎರಡೂ ಸೇರಿ ಪವರ್ ವಿಭಾಗದ ತಾಮ್ರವನ್ನು ತಿಂದು ಹಸಿರು ಬೂಷ್ಟು ಮಾಡಿದ್ದವು. ತೊಳೆದು ಒಣಗಿಸಿದೆ. ಮುಖ್ಯ ಲೈನು ಶಾರ್ಟ್. ಸಣ್ಣ ವೋಲ್ಟೇಜ್ ಕೊಟ್ಟು ಬೋರ್ಡಿನ ಮೇಲೆ ಸ್ಪಿರಿಟ್ ಸವರಿದೆ. ಶಾರ್ಟ್ ಇರುವ ಜಾಗ ಬಿಸಿಯಾಗಿ ಅಲ್ಲಿ ಸ್ಪಿರಿಟ್ ಮೊದಲು ಆರುತ್ತದೆ. ಒಂದು ಕೆಪಾಸಿಟರ್ ಸಿಕ್ಕಿತು, ಬದಲಿಸಿದೆ. ಅದರ ಪಕ್ಕದ ಎರಡು ಮಾಸ್ಫೆಟ್, ಅಂದರೆ ಕರೆಂಟನ್ನು ಅಳೆದು ಬಿಡುವ ಪುಟ್ಟ ಸ್ವಿಚ್ಚುಗಳನ್ನೂ ಬದಲಿಸಿದೆ. ಶಾರ್ಟ್ ಹೋಯಿತು, ಜೀವ ಬರಲಿಲ್ಲ. ಆ ಮಾಸ್ಫೆಟ್ ಸುಟ್ಟಾಗಲೇ ಬ್ಯಾಟರಿಯ ಪೂರ್ತಿ ವೋಲ್ಟೇಜು ಪ್ರಾಸೆಸರಿಗೆ ನುಗ್ಗಿತ್ತು. ಪ್ರಾಸೆಸರ್ ಬೋರ್ಡಿಗೇ ಬೆಸೆದದ್ದು. ಅಲ್ಲಿಗೆ ಬೋರ್ಡಿನ ಕಥೆ ಮುಗಿಯಿತು.

ತಲೆ ಮೇಲೆ ಕೈ ಹೊತ್ತು ಕೂತಿದ್ದನ್ನು ಕಂಡು ಅತ್ತೆ ಕೇಳಿದರು. ಎಲ್ಲ ಹೇಳಿದೆ.

"ನೆನ್ನೆನೇ ಯಾಕೆ ಬಿಚ್ಲಿಲ್ಲ?"

"ಪೂಜೆಗಿಟ್ಟಿತ್ತಲ್ಲ ಅತ್ತೆ. ಮುಟ್ಟಬಾರ್ದು ಅಂತ ನೀವೇ..."

"ಅಯ್ಯೋ ನಿನ್ನ! ಬಾವಿಗೆ ಬಿದ್ದೋರನ್ನ ಎತ್ತೋಕೆ, ಹಗ್ಗಕ್ಕೆ ಪೂಜೆ ಆಗಿದೆ ನಾಳೆ ಬನ್ನಿ ಅಂತಾರೇನೇ? ಒಂದು ಮಾತು ಕೇಳ್ಬಾರ್ದಿತ್ತಾ? ಎಲ್ಲರಿಗೂ ಜೋರು ಮಾಡ್ತೀಯ, ನನ್ನ ಹತ್ರ ಮಾತ್ರ ಬಾಯಿ ಬರಲ್ಲ ನಿಂಗೆ."

ನಾಚಿಕೆಯಾಯಿತು. ನಿಜವಾಗಿ ನಾನು ಹೆದರಿದ್ದು ದೇವರಿಗೂ ಅಲ್ಲ, ಅತ್ತೆಗೂ ಅಲ್ಲ. ಗಿರಾಕಿಯ ಯಂತ್ರದ ಮೇಲೆ ನೀರು ಚೆಲ್ಲಿದವಳು ನಾನು ಎಂದು ಬಾಯಿಬಿಟ್ಟು ಹೇಳಬೇಕಲ್ಲ, ಅದಕ್ಕೆ. ಪೂಜೆ ಒಂದು ನೆಪವಾಗಿ ಸಿಕ್ಕಿತ್ತು.

ಟೀಚರಿಗೆ ಫೋನ್ ಮಾಡಿದೆ. 'ಬೋರ್ಡು ಹಳೇದು, ತಾನಾಗೇ ಹೋಯ್ತು' ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು, ಅದನ್ನೂ ಬರೆದುಬಿಡುತ್ತೇನೆ. ನುಂಗಿಕೊಂಡು ನಡೆದದ್ದನ್ನು ನಡೆದ ಹಾಗೆ ಹೇಳಿದೆ.

ಟೀಚರ್ ಕೇಳಿದ್ದು ಒಂದೇ: "ಅಲ್ಲಮ್ಮಾ, ಪೂಜೆ ಮಾಡಿದ್ರೋ, ಬಲಿ ಕೊಟ್ರೋ?"

"ಟೀಚರ್, ನಾನು ಹೊಸದು ಕೊಡಿಸ್ತೀನಿ. ಇವತ್ತೇ ಬನ್ನಿ. ತಪ್ಪು ನಂದು."

"ತಪ್ಪು ನಿಮ್ದೇ. ಅದ್ರಲ್ಲಿ ನಂಗೇನೂ ಡೌಟಿಲ್ಲ," ಎಂದು ಆಟೊ ಹತ್ತಿ ಬಂದೇಬಿಟ್ಟರು.

ಪಕ್ಕದ ರಸ್ತೆಯ ಶೋರೂಮಿಗೆ ಕೈಹಿಡಿದು ಕರೆದೊಯ್ದೆ. ಹಳೆಯ ಲ್ಯಾಪ್‌ಟಾಪಿಗೆ ಬೋರ್ಡ್ ಹಾಕಿಸುವುದು ದಂಡ, ಹೊಸದು ತಗೊಳ್ಳಿ ಎಂದು ನಾನೇ ಎಷ್ಟೋ ಜನರಿಗೆ ಹೇಳಿ ಕಳಿಸಿದ್ದೇನೆ. ಆ ದಿನವೂ ನನ್ನ ಲೆಕ್ಕ ಅದೇ. ಸೇಲ್ಸ್ ಹುಡುಗಿ ಉತ್ಸಾಹದಿಂದ ಒಂದು ಯಂತ್ರ ತೆರೆದಿಟ್ಟಳು. "ಮೇಡಂ, ಇದರ ಡಿಸ್‌ಪ್ಲೇ ಸಖತ್ತಾಗಿದೆ!"

"ಹೌದಾ? ನೋಡಿದೋರೆಲ್ಲಾ ಹಾಗೇ ಅಂತಾರೆ," ಎಂದರು ಟೀಚರ್. ಹುಡುಗಿಗೆ ಅರ್ಥವಾಗಿ ಮುಖ ಕೆಂಪಾಯಿತು, ಟೀಚರ್ ಅವಳ ಕೈ ತಟ್ಟಿದರು.

ಆಮೇಲೆ ಅವರ ಬೆರಳು ಕೀಬೋರ್ಡಿನ ಮೇಲೆ ಓಡಿತು. ಆಗ ನಾನು, ಇಷ್ಟು ವರ್ಷ ಕೀಬೋರ್ಡ್ ಬಿಚ್ಚಿ ಜೋಡಿಸಿದವಳು, ಮೊದಲ ಬಾರಿಗೆ ಕೀಬೋರ್ಡ್ ಎಂದರೇನು ಎಂದು ತಿಳಿದುಕೊಂಡೆ. ಹಳೆಯದರಲ್ಲಿ ಮೇಲಿನ ಸಾಲಿನ ಕೀಲಿಗಳು ನಾಲ್ಕು ನಾಲ್ಕರ ಗುಂಪು, ನಡುವೆ ಸಂದು. ಬೆರಳಿಗೆ ಅದು ಗುರುತು. ಹೊಸದರಲ್ಲಿ ಸಂದೇ ಇಲ್ಲ, ಹನ್ನೆರಡೂ ಒಟ್ಟಿಗೆ. ಸ್ಕ್ರೀನ್ ರೀಡರಿಗೆ ಹೆಜ್ಜೆಹೆಜ್ಜೆಗೂ ಬೇಕಾದ ಇನ್ಸರ್ಟ್ ಕೀಲಿ ಬೇರೊಂದರ ಜೊತೆ ಸೇರಿಹೋಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಪವರ್ ಬಟನ್ನು ಡಿಲೀಟ್ ಕೀಲಿಯ ಪಕ್ಕದಲ್ಲೇ ಇತ್ತು.

"ಒಂದಕ್ಷರ ಅಳಿಸೋಕೆ ಹೋಗಿ ಕ್ಲಾಸನ್ನೇ ಅಳಿಸ್ತೀನಿ," ಎಂದರು. ಇನ್ನೊಂದು ನೋಡಿದರು, ಮತ್ತೊಂದು ನೋಡಿದರು. ಎಲ್ಲವೂ ಹೆಚ್ಚು ಕಡಿಮೆ ಹಾಗೇ.

ಹೊರಗೆ ಬಂದು ಫುಟ್‌ಪಾತಿನಲ್ಲಿ ನಿಂತು ಹೇಳಿದರು. "ನೋಡಮ್ಮಾ, ಹಳೇದರ ಮೇಲೆ ನಂಗೇನೂ ವ್ಯಾಮೋಹ ಇಲ್ಲ. ಹದಿನೈದು ದಿನ ಕೊಟ್ರೆ ಯಾವ ಕೀಬೋರ್ಡಾದ್ರೂ ಕಲೀತೀನಿ. ಎರಡು ದಿನಕ್ಕೆ ಆಗಲ್ಲ. ಮೂವತ್ತು ಜನರ ಮುಂದೆ ತಡಕಾಡಿದ್ರೆ, ಪಾಪ ಕಣ್ಣು ಕಾಣಲ್ಲ ಅಂತಾರೆ. ಪಾಠ ಚೆನ್ನಾಗಿತ್ತೋ ಇಲ್ವೋ ಅಂತ ಯಾರೂ ನೋಡಲ್ಲ. ಆ ಬಾಡಿ ಹಾಗೇ ಇರ್ಲಿ. ಒಳಗೆ ಏನಾದ್ರೂ ಹಾಕಿ. ಬೋರ್ಡು ಸಿಗುತ್ತಾ?"

ಸಿಗುತ್ತದೆ ಎಂದು ಹೇಳಲು ಧೈರ್ಯ ಬರಲಿಲ್ಲ. "ಹುಡುಕ್ತೀನಿ ಟೀಚರ್," ಎಂದೆ.

ಶನಿವಾರ ಬೆಳಿಗ್ಗೆ ಸತ್ತ ಬೋರ್ಡನ್ನೂ, ಡಿಸ್‌ಪ್ಲೇ ಕೇಬಲನ್ನೂ, ರ್‍ಯಾಮನ್ನೂ ಚೀಲಕ್ಕೆ ಹಾಕಿಕೊಂಡು ಜಯನಗರದಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಹಳೆಯ ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಎಸ್.ಪಿ. ರೋಡಿಗೆ ಹೋದೆ. ಲ್ಯಾಪ್‌ಟಾಪ್ ಮಾಡೆಲ್ ಹೆಸರು ಅಲ್ಲಿ ಕೆಲಸಕ್ಕೆ ಬಾರದು; ಬೋರ್ಡಿನ ಮೇಲೆ ಅಚ್ಚಾಗಿರುವ ನಂಬರು ಹೇಳಬೇಕು. ನಾಲ್ಕು ಅಂಗಡಿಯಲ್ಲಿ ಇಲ್ಲ. ಐದನೆಯವನು ಒಂದನ್ನು ತೆಗೆದುಕೊಟ್ಟ. ಪ್ರಾಸೆಸರಿನ ಸುತ್ತ ಬಿಸಿಗಾಳಿ ಬಿಟ್ಟ ಕಂದು ಕಲೆ. "ಏನಣ್ಣಾ, ಇದನ್ನ ಯಾರೋ ಆಗ್ಲೇ ಹುರಿದಿದ್ದಾರಲ್ಲ, ಒಗ್ಗರಣೆ ನಾನು ಹಾಕ್ಬೇಕಾ?" ಎಂದು ವಾಪಸ್ ತಳ್ಳಿದೆ.

ಅವನು ನಕ್ಕು ಒಳಗಿನಿಂದ ಇನ್ನೊಂದು ತಂದ. "ನಿಮ್ಮ ನಂಬರ್ ಇಲ್ಲ ಅಕ್ಕ. ಆದ್ರೆ ಅದೇ ಕಂಪನಿಯವ್ರು ಅದೇ ಬಾಡಿಗೆ ಮುಂದಿನ ವರ್ಷ ಹಾಕಿದ ಬೋರ್ಡು. ಪ್ರಾಸೆಸರ್ ಎರಡು ಮೆಟ್ಲು ಮೇಲೆ. ಸ್ಕ್ರೂ ತೂತು ಎಲ್ಲಾ ಸೇಮು."

ಎರಡು ಬೋರ್ಡನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದೆ. ತೂತುಗಳು ಒಂದಕ್ಕೊಂದು ಕೂಡಿದವು. ಅಲ್ಲೇ ಪವರ್ ಕೊಡಿಸಿ ಕರೆಂಟು ಎಳೆಯುವ ರೀತಿ ನೋಡಿದೆ, ನನ್ನ ಕೇಬಲ್ಲು, ನನ್ನ ರ್‍ಯಾಮು ಸಿಕ್ಕಿಸಿ ಅವನ ಪರದೆಯಲ್ಲಿ ಚಿತ್ರ ಬರಿಸಿದೆ, ಹಳೆಯ ಮಾಲೀಕನ ಪಾಸ್‌ವರ್ಡ್ ಕೂತಿಲ್ಲ ಎಂದು ಖಚಿತಪಡಿಸಿಕೊಂಡೆ. ಒಂದೇ ತೊಡಕು: ಶಾಖ ಎಳೆಯುವ ತಾಮ್ರದ ಕೊಳವೆ ಹೊಸ ಪ್ರಾಸೆಸರಿಗೆ ಕೂರುವುದಿಲ್ಲ. ಗೋಗರೆದು, ಜಗಳವಾಡಿ, ಅದರದ್ದೇ ಕೊಳವೆಯನ್ನು ಇನ್ನೊಂದು ಮುರುಕು ಯಂತ್ರದಿಂದ ಬಿಚ್ಚಿಸಿಕೊಂಡೆ. ಅದರ ಫ್ಯಾನು ಗರಗರ ಎನ್ನುತ್ತಿತ್ತು. ಫ್ಯಾನು ಬೇಡ, ಟೀಚರದ್ದನ್ನೇ ಹಾಕುತ್ತೇನೆ ಎಂದುಕೊಂಡೆ. ಹಿಂತಿರುಗುವಾಗ ಮೆಟ್ರೋದಲ್ಲಿ ಆ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಯಾವಾಗಿನಿಂದಲೋ ಹಾಡು ಗುನುಗುತ್ತಿದ್ದೇನೆಂದು ಎದುರಿನವರು ನಕ್ಕಾಗಲೇ ತಿಳಿದದ್ದು.

ಭಾನುವಾರ ಬೆಳಿಗ್ಗೆ ಎಲ್ಲ ಜೋಡಿಸಿದೆ. ಪವರ್ ಒತ್ತಿದೆ. ಬೆಳಕು ಬಂತು! ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ. ಮರುಕ್ಷಣ ನೀಲಿ ಪರದೆ ಮೂಡಿತು: ರಿಕವರಿ ಕೀ ಕೊಡಿ.

ಚಪ್ಪಾಳೆಯ ಕೈ ಹಾಗೇ ನಿಂತಿತು. ಡಿಸ್ಕಿನಲ್ಲಿರುವುದಕ್ಕೆಲ್ಲ ಬೀಗ ಇತ್ತು. ಬೋರ್ಡು ಬದಲಾದರೆ ಯಾರೋ ಕದ್ದಿದ್ದಾರೆಂದು ತಿಳಿದು ಅದು ನಲವತ್ತೆಂಟು ಅಂಕಿಯ ಕೀ ಕೇಳುತ್ತದೆ. ಇಲ್ಲದಿದ್ದರೆ ಟೀಚರ ಇಷ್ಟು ವರ್ಷದ ಪಾಠಗಳು, ಸೋಮವಾರಕ್ಕೆ ಸಿದ್ಧಮಾಡಿದ ಸ್ಲೈಡುಗಳು, ಎಲ್ಲವೂ ಒಳಗೇ ಇದ್ದೂ ಇಲ್ಲದ ಹಾಗೆ. ನೂರು ಗಿರಾಕಿಗಳಲ್ಲಿ ತೊಂಬತ್ತು ಜನಕ್ಕೆ ಅಂಥದ್ದೊಂದು ಕೀ ಇದೆಯೆಂಬುದೇ ಗೊತ್ತಿರುವುದಿಲ್ಲ. ಮೊದಲೇ ಕೇಳಬೇಕಿತ್ತು, ಕೇಳಿರಲಿಲ್ಲ. ಟೀಚರಿಗೆ ಫೋನ್ ಹಚ್ಚಿದೆ.

"ಟೀಚರ್, ರಿಕವರಿ ಕೀ ಅಂತ..."

"ನಲವತ್ತೆಂಟು ನಂಬರಿಂದು ತಾನೇ? ಇದೆ. ಲ್ಯಾಪ್‌ಟಾಪ್ ತಗೊಂಡ ವಾರವೇ ಬ್ರೈಲಲ್ಲಿ ಚುಚ್ಚಿಟ್ಟಿದ್ದೀನಿ. ಕಣ್ಣಿರೋರು ಫೋಟೊ ತೆಗೆದು ಕಳ್ಕೋತೀರ. ಬರ್ತೀನಿ ಇರಿ."

ಮುಕ್ಕಾಲು ಗಂಟೆಯಲ್ಲಿ ದಪ್ಪ ಕಾರ್ಡೊಂದನ್ನು ಹಿಡಿದು ಮೆಟ್ಟಿಲು ಹತ್ತಿ ಬಂದರು. ಆ ನೀಲಿ ಪರದೆಯಲ್ಲಿ ಸ್ಕ್ರೀನ್ ರೀಡರ್ ಮಾತಾಡುವುದಿಲ್ಲ. ಅಲ್ಲಿ ಏನಿದೆ ಎಂದು ಅವರಿಗೆ ತಿಳಿಯದು. ಕಾರ್ಡಿನ ಮೇಲಿರುವುದು ನನಗೆ ಬರೀ ಗುಳ್ಳೆ. ಅವರು ಬೆರಳಿಟ್ಟು ಆರಾರು ಅಂಕಿ ಓದಿದರು, ನಾನು ಒತ್ತಿದೆ. ಎಂಟು ಗುಂಪು. ಐದನೆಯದರಲ್ಲಿ ನಾನು ತಪ್ಪಿದೆ, ಪರದೆ ಗೊಣಗಿತು. "ನಿಧಾನ, ಮಗು. ಮತ್ತೆ ಹೇಳ್ತೀನಿ, ಬರ್ಕೊ," ಎಂದು ಮಗ್ಗಿ ಹೇಳಿಸುವ ಧಾಟಿಯಲ್ಲಿ ಹೇಳಿದರು. ಆ ಕ್ಷಣದಿಂದ ನನ್ನನ್ನು ಏಕವಚನದಲ್ಲೇ ಕರೆಯುತ್ತಾರೆ. ಎಂಟನೆಯ ಗುಂಪು ಮುಗಿದು ಎಂಟರ್ ಒತ್ತಿದೆ. ಬಾಗಿಲು ತೆರೆಯಿತು.

"ಬಂತು ಟೀಚರ್!"

"ಮಾತಾಡ್ತಿಲ್ವಲ್ಲ?"

ನಿಜ. ಹೊಸ ಬೋರ್ಡಿಗೆ ಧ್ವನಿಯ ಡ್ರೈವರ್ ಹಾಕಬೇಕಿತ್ತು. ಪೆನ್‌ಡ್ರೈವಿನಿಂದ ಹಾಕಿ ಮತ್ತೆ ಚಾಲೂ ಮಾಡಿದೆ. ಸ್ಪೀಕರಿನಿಂದ ಆ ಯಂತ್ರದ ಧ್ವನಿ ಗಡಗಡ ಓದತೊಡಗಿತು. ನನಗೆ ಒಂದಕ್ಷರ ತಿಳಿಯದಷ್ಟು ವೇಗ. ಟೀಚರ್ ಮುಖ ಅರಳಿತು. ಬೆರಳುಗಳು ನೋಡನೋಡುತ್ತಿದ್ದಂತೆ ಕೀಲಿಗಳ ಮೇಲೆ ಓಡಿದವು, ಒಂದು ಸಲವೂ ತಡವರಿಸಲಿಲ್ಲ. "ಅರೆ, ಮೊದಲಿಗಿಂತ ಚುರುಕಾಗಿದೆಯಲ್ಲೇ! ನಾನು ಒತ್ತೋಕೆ ಮುಂಚೆ ಉತ್ತರ ಹೇಳ್ತಿದೆ!"

ನಾನು ಉಬ್ಬಿಹೋದೆ. ಅಷ್ಟರಲ್ಲಿ ಅವರು ಯಂತ್ರದ ಮೇಲೆ ಅಂಗೈ ಇಟ್ಟು ತಲೆ ವಾಲಿಸಿದರು. "ಎಡಗಡೆ ಏನೋ ಟಿಕ್ ಟಿಕ್ ಅಂತಿದೆ."

"ಏನೂ ಇಲ್ಲ ಟೀಚರ್."

"ಇದೆ. ಮೂರು ಸುತ್ತಿಗೊಂದ್ಸಲ."

ವಾದ ಮಾಡದೆ ಬಿಚ್ಚಿದೆ. ಒಂದು ಪಾಠ ಕಲಿತಾಗಿತ್ತಲ್ಲ. ಫ್ಯಾನಿನ ರೆಕ್ಕೆಯ ಸಂದಿನಲ್ಲಿ ಸಿಕ್ಕಿಕೊಂಡಿತ್ತು ಒಂದು ಹಳದಿ ಅಕ್ಕಿಕಾಳು. ನಾನೇ ಉದಾರವಾಗಿ ಎರಚಿದ ಅಕ್ಷತೆ. ಚಿಮಟದಿಂದ ತೆಗೆದು ಅವರ ಅಂಗೈಗಿಟ್ಟೆ. ಬೆರಳಲ್ಲಿ ಉರುಳಿಸಿ ನೋಡಿ ಟೀಚರ್ ನಕ್ಕರು ನೋಡಿ, ಕೆಳಗಿನ ಹೂವಿನ ಅಂಗಡಿಯವರೆಗೂ ಕೇಳಿಸಿರಬೇಕು. ನಾನೂ ನಕ್ಕೆ, ನಗುತ್ತಾ ಕಣ್ಣಲ್ಲಿ ನೀರು ಬಂತು. ಮೂರು ದಿನದಿಂದ ಕಟ್ಟಿಕೊಂಡಿದ್ದದ್ದು ಅದು.

"ಆಶೀರ್ವಾದ ಒಳಗೇ ಕೂತಿತ್ತು ಪಾಪ," ಎಂದು ಅದನ್ನು ತಲೆಯ ಮೇಲೆ ಹಾಕಿಕೊಂಡರು.

ಸೋಮವಾರ ಹತ್ತು ಗಂಟೆಗೆ ನನಗೂ ಕ್ಲಾಸಿನ ಲಿಂಕ್ ಕಳಿಸಿದ್ದರು. ಅಂಗಡಿಯ ಶಟರ್ ಅರ್ಧ ಎಳೆದು, ಪರದೆಯ ಮುಂದೆ ಕೂತೆ. ನೆಟ್ಟಗೆ ಹತ್ತಕ್ಕೆ ಟೀಚರ್ ಮುಖ ಬಂತು, ಸ್ಲೈಡು ಬಂತು. ಮೂವತ್ತು ಜನ ಒಂದೇ ದನಿಯಲ್ಲಿ "ಊಟ ಆಯ್ತಾ?" ಎಂದರು. ಒಬ್ಬ ಇನ್ನೂ ತಿಂಡಿಯೇ ಆಗಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಾಗ, ಅದನ್ನೇ ಕನ್ನಡದಲ್ಲಿ ಹೇಳಿಸಿ ಎಲ್ಲರನ್ನೂ ನಗಿಸಿದರು. ಕೊನೆಯವರೆಗೂ ಕೈ ತಡಕಾಡಲಿಲ್ಲ. ಮುಗಿಯುವ ಹೊತ್ತಿಗೆ ಒಬ್ಬಾಕೆ ಕೇಳಿದಳು, ಟೀಚರ್ ಕ್ಯಾಮೆರಾ ಕಡೆ ಯಾಕೆ ನೋಡುತ್ತಿಲ್ಲ ಎಂದು. ಅಲ್ಲಿಯವರೆಗೆ ಅವರಿಗೆ ಕಣ್ಣು ಕಾಣದೆಂದು ಯಾರಿಗೂ ಗೊತ್ತೇ ಆಗಿರಲಿಲ್ಲ. ಸಂಜೆ ಫೋನ್ ಬಂತು: "ಒಪ್ಪಿದ್ರು ಕಣೇ! ವರ್ಷ ಪೂರ್ತಿ!" ನಾನು ಟೇಬಲ್ಲು ಗುದ್ದಿದ ರಭಸಕ್ಕೆ ಏಳು ಸ್ಕ್ರೂಡ್ರೈವರೂ ಉರುಳಿದವು.

ಮುಂದಿನ ವರ್ಷದ ಆಯುಧಪೂಜೆಗೆ ಟೀಚರನ್ನೂ ಕರೆದಿದ್ದೆ. ಅತ್ತೆ ಕಾಯಿಯನ್ನು ಮೆಟ್ಟಿಲ ಹತ್ತಿರ, ಟೇಬಲ್ಲಿನಿಂದ ಹತ್ತು ಮಾರು ದೂರದಲ್ಲಿ ಒಡೆದರು. ಗಿರಾಕಿಗಳ ಲ್ಯಾಪ್‌ಟಾಪುಗಳೆಲ್ಲ ಬೀರುವಿನೊಳಗೆ. ಪೂಜೆ ಮುಗಿದ ಮೇಲೆ ಟೀಚರ್ ಟೇಬಲ್ಲಿನ ಹತ್ತಿರ ಬಂದು ಹೂವಿನ ಮಧ್ಯೆ ಬೆರಳಾಡಿಸಿದರು. ಒಂದು ಸಲ ಎಣಿಸಿದರು, ಇನ್ನೊಂದು ಸಲ ಎಣಿಸಿದರು.

"ಏಳಿರ್ಬೇಕಿತ್ತಲ್ವಾ? ಆರೇ ಇದೆ."

ನಾನು ಜೇಬು ಮುಟ್ಟಿಕೊಂಡೆ. ಬೆಳಿಗ್ಗೆ ಅಲಂಕಾರ ಮಾಡುವಾಗ ಅತ್ತೆಯೇ ಒಂದು ಸ್ಕ್ರೂಡ್ರೈವರನ್ನು ಸಾಲಿನಿಂದ ತೆಗೆದು ನನ್ನ ಜೇಬಿಗೆ ಸಿಕ್ಕಿಸಿದ್ದರು. ನಾನು ಬಾಯಿ ತೆರೆಯುವ ಮುಂಚೆ ಅತ್ತೆಯೇ ಹೇಳಿದರು:

"ಅದಕ್ಕೆ ಇವತ್ತು ರಜ ಇಲ್ಲ ಕಣ್ರೀ. ಡ್ಯೂಟಿ ಮೇಲಿದೆ."